ಹೊಸ್ತಿಲ ಮುಂದಿನ ಒಡಕು ಪೈಪು

ಹೌಸಾಬಾಯಿ ಮಾತಿಗೆ ಬಾಯಿ ತೆರೆಯುವ ಮೊದಲು ಎದುರಿಗಿದ್ದುದನ್ನು ಒಮ್ಮೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದಳು. ಮೇಜಿರಲಿ, ತಾಟಿರಲಿ, ಸಂತೆಯ ಕಲ್ಲಂಗಡಿಯಿರಲಿ, ಮೊದಲು ತಟ್ಟು, ಆಮೇಲೆ ಕಿವಿ ಓರೆ ಮಾಡಿ ಒಂದು ಗಳಿಗೆ ಮೌನ, ಆಮೇಲೆ ಮಾತು. ನಗರಪಾಲಿಕೆಯ ಮೊದಲ ಸಭೆಯಲ್ಲಿ ಅವಳು ಮೈಕನ್ನು ಹೀಗೆ ತಟ್ಟಿ ನೋಡಿದಾಗ ಉಳಿದ ಸದಸ್ಯರು ಬಿದ್ದು ಬಿದ್ದು ನಕ್ಕಿದ್ದರು. ಕುಂಭಾರರ ಮನೆಯಲ್ಲಿ ಹುಟ್ಟಿ ಕುಂಭಾರರ ಮನೆಗೇ ಸೊಸೆಯಾಗಿ ಬಂದವಳಿಗೆ ಅದು ಉಸಿರಾಡಿದಷ್ಟೇ ಸಹಜವೆಂದು ನಗುವವರಿಗೆ ಹೇಳುವವರು ಯಾರು.

ವಾರಣಾ ನದಿಯ ದಡದ ಕರಂಜಗಾಂವಿನಲ್ಲಿ ನಮ್ಮದು ಕುಂಭಾರ ಗಲ್ಲಿ. ಹಿರಿಯರು ಗಡಿಗೆ ಮಾಡಿದರು, ಅವರ ಮಕ್ಕಳು ಸುಟ್ಟ ಮಣ್ಣಿನ ಕೊಳವೆ ಮಾಡಿದರು. ಹೌಸಾಬಾಯಿಯ ಮಾವನ ಕಾಲಕ್ಕೆ ತಿಗರಿ ಮೂಲೆ ಸೇರಿ ಸಿಮೆಂಟು ಬಂತು. ಗಲ್ಲಿಯ ಕೊನೆಗೆ ಎಲ್ಲ ಮನೆಯವರೂ ಕೂಡಿ ಪೈಪಿನ ಕಾರ್ಖಾನೆ ಹಾಕಿದರು. ಕಾರ್ಖಾನೆ ಎಂದರೆ ದೊಡ್ಡ ಮಾತಾದೀತು. ಒಂದು ತಗಡಿನ ಚಪ್ಪರ, ಗರಗರ ತಿರುಗುವ ಅಚ್ಚುಗಳು, ಒದ್ದೆ ಗೋಣಿತಾಟು ಹೊದ್ದು ಮಲಗಿದ ಪೈಪುಗಳ ಸಾಲು, ಅಷ್ಟೇ. ಗಂಡಸರು ಅಚ್ಚು ತಿರುಗಿಸುತ್ತಿದ್ದರು, ಹೆಂಗಸರು ಬಾಣಂತಿಗೆ ಎರೆದ ಹಾಗೆ ಪೈಪಿಗೆ ನೀರು ಎರೆಯುತ್ತಿದ್ದರು. ನಾನು ಅವನ್ನು ಲಾರಿಗೆ ಹೇರಿಕೊಂಡು ಊರೂರು ತಿರುಗಿದವನು. ಪ್ರತಿ ಪೈಪಿನ ಮೈಮೇಲೆ, ಸಿಮೆಂಟು ಹಸಿಯಿರುವಾಗಲೇ, ಒಂದು ಗಡಿಗೆಯ ಮುದ್ರೆ ಒತ್ತುತ್ತಿದ್ದರು. ಮೈಲುಗಟ್ಟಲೆ ದೂರದ ಊರಿನ ಗಟಾರಿನಲ್ಲಿ ಆ ಗಡಿಗೆಯನ್ನು ಕಂಡರೆ ನನಗೆ ನಂಟರು ಕಂಡಷ್ಟು ಖುಷಿಯಾಗುತ್ತಿತ್ತು.

ಪೈಪು ಒಣಗಿದ ಮೇಲೆ ಕೊನೆಯ ಮಾತು ಹೌಸಾಬಾಯಿಯದು. ಸಣ್ಣ ಸುತ್ತಿಗೆ ಹಿಡಿದು ಸಾಲಿನುದ್ದಕ್ಕೂ ತಟ್ಟುತ್ತ ಬರುವಳು. ಟಣ್ಣೆಂದರೆ ಗಿರಾಕಿಗೆ. ಬೊದ್ದೆಂದರೆ ಮೂಲೆಯ ಒಡಕಿನ ರಾಶಿಗೆ.

ನಮ್ಮ ಮನೆಗಳಿಗೆ ಬೇಕಾದ ಪೈಪು ಬರುತ್ತಿದ್ದದ್ದು ಆ ರಾಶಿಯಿಂದಲೇ. ಚೆನ್ನಾದ ಮಾಲು ಗಿರಾಕಿಯದು, ಒಡಕು ಮಾಲು ಅದನ್ನು ತಯಾರಿಸಿದವನದು. ಗಡಿಗೆಯ ಕಾಲದಿಂದ ಬಂದ ಈ ಕಟ್ಟಳೆಯನ್ನು ಗಲ್ಲಿಯಲ್ಲಿ ಯಾರೂ ಮೀರಿದವರಿಲ್ಲ. ಮನೆಗೆ ಹೊಸ ಸೊಸೆ ಬರುವ ದಿನ ಬಾಗಿಲ ಮುಂದಿನ ಗಟಾರಿಗೆ ಒಂದು ಪೈಪು ಹಾಕಿ, ಮೇಲೆ ಕಲ್ಲು ಮಣ್ಣು ಬಡಿದು, ಅರಿಸಿನ ಹಚ್ಚಿ, ಅದನ್ನು ದಾಟಿಸಿ ಒಳಗೆ ಕರೆದುಕೊಳ್ಳುತ್ತಿದ್ದೆವು. ಆ ಪೈಪೂ ಒಡಕಿನ ರಾಶಿಯದೇ. ಆದರೆ ಮುದ್ರೆಯ ಬದಿ ಮಾತ್ರ ರಸ್ತೆಗೆ ಕಾಣುವಂತೆ ಇಡಬೇಕು, ಅದು ಮನೆತನದ ಮಾನ. ಒಂದು ಮನೆಯ ಮುಂದೆ ದಪ್ಪ ಪೈಪು, ಪಕ್ಕದವರದು ಸಪೂರ, ಅದರಾಚೆಯದು ಬಾಯಿ ಮುಕ್ಕು. ಮಳೆ ಹಿಡಿದರೆ ನೀರು ದಪ್ಪದರಿಂದ ಸಪೂರಕ್ಕೆ ಬಂದು ತಿಣುಕಿ, ಬಿರುಕಿನಲ್ಲಿ ಸೋರಿ, ಹೂಳಿನಲ್ಲಿ ಸಿಕ್ಕಿಕೊಂಡು ಗಲ್ಲಿಯ ತುಂಬ ಮೊಣಕಾಲುದ್ದ ನಿಲ್ಲುತ್ತಿತ್ತು. ಮಂಚಕ್ಕೆ ಇಟ್ಟಿಗೆ ಕೊಟ್ಟು ಒಲೆಯನ್ನು ಕಟ್ಟೆಯ ಮೇಲೇರಿಸಿ ಕೂತಿರುತ್ತಿದ್ದೆವು. ನದಿ ಹತ್ತಿರವಿದೆ, ನೀರು ಬರುತ್ತದೆ ಎಂದುಕೊಂಡಿದ್ದೆವೇ ಹೊರತು ಪೈಪಿನ ಕಡೆ ಯಾರೂ ಬೊಟ್ಟು ಮಾಡಿರಲಿಲ್ಲ.

ಗಂಡ ಬಾಪು ತೀರಿಕೊಂಡ ಮೇಲೆ, ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ, ಗಲ್ಲಿಯವರೆಲ್ಲ ಹೌಸಾಬಾಯಿಯನ್ನೇ ನಿಲ್ಲಿಸಿದರು. ತಟ್ಟಿ ನೋಡದೆ ಯಾವುದಕ್ಕೂ ಹೂಂ ಅನ್ನದವಳೆಂಬ ನಂಬಿಕೆ. ಅವಳು ಆರಿಸಿ ಬಂದ ಮರುವರ್ಷವೇ ಪೇಟೆಯಿಂದ ನದಿಯವರೆಗೆ, ಇಡೀ ಊರಿನ ಮಳೆನೀರು ಹೊರುವ ದೊಡ್ಡ ಗಟಾರು ಮಂಜೂರಾಯಿತು. ನೆಲದೊಳಗೆ ಹಾಕುವ ಪೈಪು ಸಿಮೆಂಟಿನದೋ ಪ್ಲಾಸ್ಟಿಕ್ಕಿನದೋ ಎಂಬುದು ನಗರಪಾಲಿಕೆಯ ಮುಂದಿನ ಪ್ರಶ್ನೆಯಾಯಿತು. ಅಷ್ಟರಲ್ಲಿ ಸುತ್ತಲ ಊರುಗಳೆಲ್ಲ ಕಪ್ಪು ಪ್ಲಾಸ್ಟಿಕ್ಕಿಗೆ ತಿರುಗಿದ್ದವು, ನನ್ನ ಲಾರಿ ವಾರದಲ್ಲಿ ಹೆಚ್ಚು ದಿನ ನಿಂತೇ ಇರುತ್ತಿತ್ತು. ಕಾರ್ಖಾನೆ ನೋಡಿಕೊಳ್ಳುತ್ತಿದ್ದವನು ಹೌಸಾಬಾಯಿಯ ಮೈದುನ ಗಣಪತ್ ತಾತ್ಯಾ. ಅವನು ಅತ್ತಿಗೆಗೆ ಬಿಡಿಸಿ ಹೇಳಿದ: "ವಹಿನಿ, ನಮ್ಮೂರ ಕೆಲಸ ನಮಗ ಸಿಕ್ರ ಕಾರ್ಖಾನಿ ಉಳೀತೈತಿ. ತವರಿನವರೇ ಬ್ಯಾಡಂದ ಹುಡಿಗೀನ ಬ್ಯಾರೆಯವರು ಯಾರು ಕೇಳ್ಯಾರು? ಇಲ್ಲಂದ್ರ ಬಾಗಲಾ ಹಾಕೂದ."

ಸಭೆಯ ದಿನ ನಾನೂ ತಾತ್ಯಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಪೇಟೆ ವಾರ್ಡಿನ ಮಗದುಮ್ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ. ಮಾತಿನ ಮಲ್ಲ, ಆದರೆ ಕೆಡುಕನಲ್ಲ.

"ನೋಡ್ರಿ, ಒಂದ ಕೈಲೆ ಎತ್ತೇನಿ. ಹೌಸಾ ವಹಿನಿ ಪೈಪು ಎತ್ತಬೇಕಂದ್ರ ತಾಲೀಮಿನ ಪೈಲವಾನರನ್ನೆಲ್ಲಾ ಕರಸಬೇಕು. ಅವರಿಗೆ ಹಾಲು ಬದಾಮು ಯಾರು ಕುಡಸತಾರ?"

"ನಿನ್ನ ಪೈಪು ಇಲಿ ಕಡದ್ರೇನು ಮಾಡ್ತಿ?" ಎಂದು ಮಸೀದಿ ವಾರ್ಡಿನ ಮುದುಕ ಅತ್ತಾರ್ ಚಾಚಾ ಕೇಳಿದ.

"ಚಾಚಾ, ನಮ್ಮೂರ ಇಲಿ ರೇಷನ್ ಅಂಗಡಿ ಗೋದಿ ತಿಂದಾವು. ಅದರಾಗಿನ ಕಲ್ಲು ಕಡದ ಮ್ಯಾಲ ಅವಕ್ಕ ಹಲ್ಲೆಲ್ಲಿ ಉಳದಾವು?"

ಸಭೆಯೆಲ್ಲ ನಕ್ಕಿತು. ಹೌಸಾಬಾಯಿ ಎದ್ದು ಹೋಗಿ ಆ ತುಂಡನ್ನು ತಟ್ಟಿದಳು. ಕಿವಿ ಓರೆ ಮಾಡಿ ನಿಂತಳು.

"ಮಗದುಮ್ ದಾದಾ, ಇದು ಬಾಯೇ ಬಿಡವಲ್ದು. ಒಳಗ ಏನು ಬ್ಯಾನಿ ಐತಿ ಅಂತ ಯಾರನ್ನ ಕೇಳೂದು?"

"ಗಟಾರಿನ ಕೂಡ ಮಾತಾಡೂದೇನೈತಿ ವಹಿನಿ? ನೀರು ಹೋದ್ರಾತು!"

ಅಧ್ಯಕ್ಷ ಸಾಳುಂಖೆ ಚಹಾ ಆರುತ್ತದೆಂದು ಗದರಿ, ನಗರಪಾಲಿಕೆಯ ಇಂಜಿನಿಯರ್ ದಾಂಡೇಕರರತ್ತ ತಿರುಗಿದ. ಅವರು ಮೆಲುದನಿಯ ಮನುಷ್ಯ. "ನಮ್ಮದು ಎರಿ ಮಣ್ಣು," ಎಂದರು. "ಮಳ್ಯಾಗ ಉಬ್ಬತೈತಿ, ಬ್ಯಾಸಿಗ್ಯಾಗ ಸೀಳತೈತಿ. ಸಿಮೆಂಟಿನ ಪೈಪು ಗಿಡ್ಡ, ಸಂದು ಜಾಸ್ತಿ. ಸಂದು ಬಿಚ್ಚಿದ್ರ ನೀರು ನಿಂತಂಗ. ಪ್ಲಾಸ್ಟಿಕ್ ಉದ್ದ ಇರತೈತಿ, ಬಾಗತೈತಿ. ಆದರ ಹಗೂರ ಇರೂದಕ್ಕ ನೀರು ತುಂಬಿದ ನೆಲದಾಗ ಮ್ಯಾಲ ತೇಲಿ ಬರೂ ಭಯ. ಎರಡಕ್ಕೂ ಒಂದೊಂದು ಕುಂದು ಐತಿ."

"ಸಂದು ಬಿಚ್ಚೂದು ಬಿಡೂದು ಮಾಡಿದವರ ಕೈಯಾಗ ಐತಿ ಸಾಹೇಬರ," ಎಂದಳು ಹೌಸಾಬಾಯಿ. "ಇಲ್ಲಿ ಕುಂತು ಯಾಕ ವಾದ ಮಾಡೂದು? ಎಲ್ಲಾರೂ ನಮ್ಮ ಗಲ್ಲಿಗೆ ಬರ್ರಿ. ಮಾಲು ನೋಡ್ರಿ, ತಟ್ಟಿ ನೋಡ್ರಿ. ಮ್ಯಾಲ ಭಾಕರಿ ಪಿಠಲ ಉಂಡು ಹೋಗ್ರಿ. ಆಮ್ಯಾಲ ಕೈ ಎತ್ರಿ."

ಅಧ್ಯಕ್ಷನಿಗೂ ಅದು ಸರಿ ಕಂಡಿತು. ತಾತ್ಯಾ ನನ್ನ ತೊಡೆ ಜಿಗುಟಿ, "ಗೆದ್ದಿವಿ ನೋಡು" ಎಂದ.

ಆದರೆ ಮನೆಗೆ ಬರುವ ದಾರಿಯಲ್ಲೇ ಅವನ ಮುಖ ಬಾಡಿತು. ಗಲ್ಲಿಯ ಬಾಯಲ್ಲಿ ನಿಂತು ಸಾಲು ಮನೆಗಳ ಹೊಸ್ತಿಲು ನೋಡಿದ. ಸೀದಾ ಅತ್ತಿಗೆಯ ಅಡಿಗೆಮನೆಗೆ ಹೋದ. ನಾನು ಪಡಸಾಲೆಯಲ್ಲೇ ಕೂತೆ.

"ವಹಿನಿ, ಗಲ್ಲಿ ದಾಟಿನ ಅವರು ಕಾರ್ಖಾನೀಗೆ ಬರಬೇಕು. ಬಾಗಲ ಮುಂದಿನ ಒಡಕೆಲ್ಲಾ ಕಿತ್ತು ಚಲೋ ಪೈಪು ಹಾಕೂಣು. ಅವರು ಹೋದ ಮ್ಯಾಲ ತಗದಿಟ್ರಾತು."

ಹೌಸಾಬಾಯಿ ಹಿಟ್ಟು ತಟ್ಟುವುದನ್ನು ನಿಲ್ಲಿಸಿದಳು. "ಗಿರಾಕಿ ಮಾಲು ನಮ್ಮ ಬಾಗಲಾಗ? ಭಾವೋಜಿ, ನಿಮ್ಮವ್ವ ಸಾಯೂತನಾ ಬಾಯಿ ಮುಕ್ಕಾದ ಗಡಗ್ಯಾಗ ನೀರು ಕುಡದಾಳ. ಮಾರೂ ಗಡಿಗಿ ಮುಟ್ಟಿಲ್ಲ. ಈಗ ನಾ ಮುಟ್ಟಲೇನು?"

"ಯಾರಿಗೆ ತಿಳೀತೈತಿ?"

"ಪೈಪಿಗೆ ತಿಳೀತೈತಿ."

"ವಹಿನಿ, ಹಟ ಬ್ಯಾಡ. ಗಲ್ಲಿ ಅನ್ನದ ಮಾತು."

"ಅನ್ನದ ಮಾತಿಗೇ ಹೇಳಾಕತ್ತೇನಿ. ಮಾಲು ನೋಡಾಕ ಬರೂ ಗಿರಾಕಿ ಮಾಲು ನೋಡತಾನ. ನಮ್ಮ ಬಾಗಲಾ ಯಾಕ ನೋಡ್ಯಾನು?"

ತಾತ್ಯಾ ಹೊರಗೆ ಬಂದ. ಗಲ್ಲಿಯ ಹಿರಿಯರಲ್ಲಿ ಒಬ್ಬನೂ ಅವನ ಪರ ನಿಲ್ಲಲಿಲ್ಲ. ನನಗೂ ಹೌಸಾಬಾಯಿಯ ಮಾತೇ ಸರಿ ಕಂಡಿತ್ತು. ಬೇರೆ ಯಾವ ಜಾತಿಯ ಕಸುಬಿನವರಾದರೂ ರಾತ್ರಿ ಕಳೆಯುವುದರೊಳಗೆ ಆ ಒಡಕನ್ನು ಕಿತ್ತೊಗೆದು ಬಿಡುತ್ತಿದ್ದರೋ ಏನೋ.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಒಂದು ಹದ ಮಳೆ ಹೊಡೆಯಿತು. ಬೆಳಿಗ್ಗೆ ಸದಸ್ಯರು ಜೀಪಿನಿಂದ ಇಳಿದಾಗ ಗಲ್ಲಿಯಲ್ಲಿ ಇನ್ನೂ ಕೆಂಚು ನೀರು ನಿಂತಿತ್ತು. ಸಾಳುಂಖೆ ಬಿಳಿ ಧೋತರ ಎತ್ತಿ ಹಿಡಿದು ಕಲ್ಲಿನಿಂದ ಕಲ್ಲಿಗೆ ಕೊಕ್ಕರೆಯಂತೆ ಕಾಲಿಟ್ಟ. ದಾಂಡೇಕರರು ಕಾರ್ಖಾನೆಯ ಕಡೆ ಹೋಗಲೇ ಇಲ್ಲ. ಹೌಸಾಬಾಯಿಯ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಬ್ಯಾಟರಿ ಬಿಟ್ಟು ನೋಡಿದರು. ಪೈಪಿನ ಹೊಟ್ಟೆಯುದ್ದಕ್ಕೂ ಬಿರುಕು, ಬಿರುಕಿನೊಳಗೆ ಬೇರು, ಅರ್ಧದವರೆಗೆ ಹೂಳು. ಮೇಲೆ ಚೊಕ್ಕಟವಾಗಿ ಗಡಿಗೆಯ ಮುದ್ರೆ.

"ಇದು ನಿಮ್ಮ ಕಾರ್ಖಾನೀದೇನ್ರಿ?"

"ಹೌದ್ರಿ. ನಾ ಇದನ್ನ ದಾಟಿ ಮನಿ ಒಳಗ ಬಂದಾಕಿ."

"ಇದು ಒಡದೈತಲ್ಲ."

"ಒಡಕು ಅಂತನ ಇಲ್ಲಿ ಹಾಕೇವಿ. ಚಲೋವು ಅಲ್ಲಿ ಅದಾವ, ಬರ್ರಿ."

ಮಗದುಮ್ ಈ ಮನೆ ಆ ಮನೆ ಎಂದು ಗಲ್ಲಿಯುದ್ದಕ್ಕೂ ಬಗ್ಗಿ ನೋಡಿ ಬಂದ. "ಎಲ್ಲಾದರ ಮ್ಯಾಲೂ ಗಡಿಗಿ, ಎಲ್ಲಾದೂ ಒಡಕು! ಒಡಕು ಅಂತ ಗೊತ್ತಿದ್ದೂ ಮನಿ ಮುಂದ ಯಾರರೆ ಹಾಕ್ಕೊಂತಾರೇನ ವಹಿನಿ? ನಾವೇನು ಹಾಲು ಕುಡಿಯೂ ಕೂಸ?"

ಉತ್ತರ ಹೌಸಾಬಾಯಿಯ ಬಳಿ ಇತ್ತು, ಆದರೆ ಅದು ನಮ್ಮ ಗಲ್ಲಿಯ ಹೊರಗೆ ನಡೆಯುವ ನಾಣ್ಯವಲ್ಲ ಎಂದು ಅವಳಿಗೆ ಆಗ ಹೊಳೆದಿರಬೇಕು. ಎಲ್ಲರನ್ನೂ ಕಾರ್ಖಾನೆಗೆ ಕರೆದೊಯ್ದು ಸುತ್ತಿಗೆ ಹಿಡಿದಳು. ಟಣ್, ಟಣ್, ಟಣ್ ಎಂದು ಸಾಲೆಲ್ಲ ಗುಡಿಯ ಗಂಟೆಯಂತೆ ನುಡಿಯಿತು. ಸದಸ್ಯರು ಕರವಸ್ತ್ರದಿಂದ ಚಪ್ಪಲಿ ಒರೆಸಿಕೊಳ್ಳುತ್ತಿದ್ದರು. ಊಟ ಮಾತ್ರ ಹೊಟ್ಟೆ ಬಿರಿಯ ಉಂಡರು. ಮೆಣಸಿನಕಾಯಿ ಠೇಚಾ ಮೂರನೆಯ ಸಲ ಹಾಕಿಸಿಕೊಂಡ ಮಗದುಮ್, "ಪಿಠಲಕ್ಕಾದ್ರ ಎರಡೂ ಕೈ ಎತ್ತತೇನಿ ವಹಿನಿ," ಎಂದ. ಆ ಮಾತಿಗೆ ಬಡಿಸುತ್ತಿದ್ದ ಹೆಂಗಸರ ಕೈ ಅಲ್ಲಿಗಲ್ಲಿಗೇ ನಿಂತಿತು.

ಮುಂದಿನ ಸಭೆಯಲ್ಲಿ ಹೌಸಾಬಾಯಿ ಮೈಕು ತಟ್ಟಲಿಲ್ಲ. ಎದ್ದವಳೇ ಮಾತಾಡಿದಳು.

"ಕೆಟ್ಟದ್ದು ನಾವು ಇಟಗೊಂಡ್ವಿ, ಚಲೋದು ನಿಮಗ ಕೊಟ್ವಿ. ನಿಮ್ಮ ಪ್ಯಾಟಿ ಗಟಾರದಾಗ ನಮ್ಮ ಮಾವ ಹಾಕಿದ ಪೈಪು ಇವತ್ತಿಗೂ ಗಟ್ಟಿ ಐತಿ, ಅಗದು ನೋಡ್ರಿ. ನಮ್ಮ ಹೊಸ್ತಿಲಾ ನೋಡಿ ನಮ್ಮ ಕೈ ಅಳೀಬ್ಯಾಡ್ರಿ."

ದಾಂಡೇಕರರು ತಲೆ ಎತ್ತಿದರು. "ಬಾಯಿ, ನಿಮ್ಮ ಮಾತು ನಾ ನಂಬತೇನಿ. ನಿಮ್ಮ ಮಾಲಿನ ಮ್ಯಾಲ ಸಂಶಯ ಇಲ್ಲ. ಆದರ ಅಷ್ಟು ವರ್ಷ ನೀರಾಗ ಕುಂತು, ಪೈಪು ಮಾಡಾವರೇ, ನೀರು ಯಾಕ ನಿಂತೈತಿ ಅಂತ ಒಬ್ಬರೂ ಕೇಳಲಿಲ್ಲ. ನನಗ ಅದರದ ಹೆದರಿಕಿ. ನಾಳೆ ಊರ ಪೈಪಿನ ಸಂದು ಬಿಚ್ಚಿದ್ರೂ ನಾವು ಹಂಗ ಕುಂತೇವಿ."

ಸಿಮೆಂಟಿನ ಪರ ಎಂದು ಕರೆದಾಗ ಅವಳ ಕೈಯ ಜೊತೆ ಅತ್ತಾರ್ ಚಾಚಾನ ಕೈಯೊಂದೇ ಮೇಲೆದ್ದಿತು. ಹೊರಗೆ ಮೆಟ್ಟಿಲ ಮೇಲೆ ಮಗದುಮ್ ಅವಳನ್ನು ತಡೆದು, "ಸಿಟ್ಟಾಗಬ್ಯಾಡ್ರಿ ವಹಿನಿ, ಮೊದಲ ನಿಮ್ಮ ಗಲ್ಲೀಗೇ ಹಾಕಸತೇನಿ," ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಹೇಳಿದಂತೆ ನಡೆದುಕೊಂಡ ಕೂಡ.

ಬೇಸಿಗೆಯಲ್ಲಿ ಅಗೆಯುವ ಯಂತ್ರ ಬಂತು. ಮನೆ ಮನೆಯ ಹೊಸ್ತಿಲ ಮುಂದಿನ ಪೈಪುಗಳನ್ನು ಉಗುರಿನಿಂದ ಹೇನು ತೆಗೆದ ಹಾಗೆ ಕಿತ್ತು, ಪುಡಿ ಮಾಡಿ, ಗುಂಡಿ ತುಂಬಲು ಬಳಸಿದರು. ಅದು ಸಾಲದೆ ಕಾರ್ಖಾನೆಯ ಮೂಲೆಯ ಒಡಕಿನ ರಾಶಿಯನ್ನೂ ಗುತ್ತಿಗೆದಾರ ಕೇಳಿ ಒಯ್ದ. ಗಟಾರು ಮುಚ್ಚಿ, ನೆಲದೊಳಗೆ ಉದ್ದನೆಯ ಕಪ್ಪು ಪೈಪು ಮಲಗಿಸಿ, ಮೇಲೆ ಫರಸಿ ಕಲ್ಲು ಹಾಸಿದರು. ಜೂನಿನಲ್ಲಿ ಮಳೆ ಹಿಡಿಯಿತು. ನಾವೆಲ್ಲ ಅಭ್ಯಾಸದಂತೆ ಮಂಚ ಏರಿಸಿ ಬಾಗಿಲಲ್ಲಿ ನಿಂತೆವು. ಆ ಪೈಪು ಕೆಡಲಿ, ತೇಲಿ ಮೇಲೆ ಬರಲಿ ಎಂದು ತಾತ್ಯಾ ಬಾಯಿ ಬಿಟ್ಟೇ ಬೇಡಿಕೊಂಡ. ಆಕಾಶ ಹರಿದು ಸುರಿಯಿತು, ನೀರು ಜಾಲರಿಯೊಳಗೆ ಗಟಗಟ ಇಳಿದು ಹೋಯಿತು. ಮಳೆ ನಿಂತ ಅರೆಗಳಿಗೆಗೆ ಗಲ್ಲಿ ತೊಳೆದ ತಾಟಿನಂತೆ ಬರಿದಾಯಿತು. ನಮ್ಮ ಹುಟ್ಟಿನಲ್ಲಿ ನೋಡದ ಒಣ ಗಲ್ಲಿ. ಹೌಸಾಬಾಯಿ ಮಂಚದ ಕೆಳಗಿನ ಇಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಹಿತ್ತಿಲಿಗೆ ಒಯ್ದಳು.

ದೀಪಾವಳಿಯ ಹೊತ್ತಿಗೆ ಕಾರ್ಖಾನೆಯ ಅಚ್ಚುಗಳು ಗುಜರಿಗೆ ಹೋದವು. ತಾತ್ಯಾ ಇಚಲಕರಂಜಿಯ ಮಗ್ಗದ ಶೆಡ್ಡೊಂದಕ್ಕೆ ಕಾವಲಿಗೆ ಸೇರಿದ. ಹಲವು ಮನೆಗಳಿಗೆ ಬೀಗ ಬಿತ್ತು. ಹೌಸಾಬಾಯಿಯ ಮಗ ಶಂಕರ ಅದೇ ಗುತ್ತಿಗೆದಾರನ ಕೈಕೆಳಗೆ ಪ್ಲಾಸ್ಟಿಕ್ ಪೈಪು ಕೂಡಿಸುವ ಕೆಲಸಕ್ಕೆ ಹೊರಟಾಗ, "ಸಂದು ನೆಟ್ಟಗ ಕೂಡಸು," ಎಂದಷ್ಟೇ ಹೇಳಿದಳು.

ಮಾಘದಲ್ಲಿ ಶಂಕರನ ಮದುವೆ ಬಂತು. ಸೊಸೆ ದಾಟಲು ಪೈಪು ಬೇಕು. ಹೌಸಾಬಾಯಿ ನನ್ನನ್ನು ಕರೆದುಕೊಂಡು ಕಾರ್ಖಾನೆಗೆ ಹೋದಳು. ತಗಡು ಕಳಚಿದ ಚಪ್ಪರದಡಿ ಮಾರಾಟವಾಗದ ಪೈಪುಗಳು ಹುಲ್ಲಿನಲ್ಲಿ ಮುಳುಗಿದ್ದವು. ಒಡಕಿನ ಮೂಲೆಯಲ್ಲಿ ಬರೀ ನೆಲ.

"ಒಂದರೆ ಒಡಕು ಇರಬೇಕಲ್ಲೋ," ಎಂದು ಸುತ್ತಿಗೆ ಹಿಡಿದು ತಟ್ಟುತ್ತ ಹೋದಳು. ಟಣ್. ಟಣ್. ಸಾಲು ಮುಗಿಯಿತು. ತಿರುಗಿ ಮೊದಲಿಂದ ತಟ್ಟಿದಳು. ಯಾವುದೂ ಬೊದ್ದೆನ್ನಲಿಲ್ಲ.

"ವಹಿನಿ, ಗಿರಾಕೀನ ಇಲ್ಲ. ಇನ್ನ ಇವು ಯಾರ ಮಾಲು?" ಎಂದೆ.

ಅವಳು ಸುತ್ತಿಗೆಯನ್ನು ಕೆಳಗಿಟ್ಟು ಸಾಲಿನುದ್ದಕ್ಕೂ ಇನ್ನೊಮ್ಮೆ ನಡೆದಳು. ಕಡೆಗೆ ಒಂದರ ಮೇಲೆ ಕೈಯಿಟ್ಟಳು. ಸಪೂರದ್ದು, ನುಣುಪಾದದ್ದು, ಮುದ್ರೆ ಚಂದವಾಗಿ ಮೂಡಿದ್ದು. ನಾನೂ ಶಂಕರನೂ ಉರುಳಿಸಿಕೊಂಡು ಬಂದೆವು. ಹೊಸ್ತಿಲ ಮುಂದೆ ಈಗ ಗಟಾರಿಲ್ಲ, ಹೂಳಲು ಮಣ್ಣಿಲ್ಲ. ಫರಸಿಯ ಮೇಲೇ ಇಟ್ಟು, ಉರುಳದಂತೆ ಎರಡೂ ಬದಿಗೆ ಮಂಚದ ಹಳೆಯ ಇಟ್ಟಿಗೆ ಕೊಟ್ಟು, ಅರಿಸಿನ ಹಚ್ಚಿದೆವು. ಸೊಸೆ ಸೀರೆಯ ನೆರಿಗೆ ಎತ್ತಿ ಹಿಡಿದು ದಾಟಿ ಒಳಗೆ ಹೋದಳು. ಯಾಕೆ ದಾಟಿದೆನೆಂದು ಅವಳು ಕೇಳಲಿಲ್ಲ.

ಎಲ್ಲರೂ ಊಟಕ್ಕೆ ಕೂತ ಮೇಲೂ ಹೌಸಾಬಾಯಿ ಹೊರಗೇ ಇದ್ದಳು. ಬಗ್ಗಿ ಪೈಪಿನ ಈಚೆಯ ಬಾಯಿಂದ ಆಚೆ ನೋಡಿದಳು. ಒಂದು ಹನಿ ನೀರೂ ಕಾಣದ ಆ ಪೈಪಿನೊಳಗೆ ಎದುರು ಮನೆಯ ಬೀಗ ಹಾಕಿದ ಬಾಗಿಲು ದುಂಡಗೆ ಕಾಣುತ್ತಿತ್ತು. ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಖಾಲಿ ಗಲ್ಲಿಯಲ್ಲಿ ಅದು ಎಷ್ಟು ಜೋರಾಗಿ ನುಡಿಯಿತೆಂದರೆ, ಸುಮ್ಮನಿರಿಸುವವಳಂತೆ ಅದರ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು.