ಅಂಗೈ ಮೂಸುತ್ತಿದ್ದ ಗಂಗರತ್ನಮ್ಮ ಮೇಡಂ

ಪ್ರಾರ್ಥನೆ ಮುಗಿದ ಕೂಡಲೇ ಗಂಗರತ್ನಮ್ಮ ಮೇಡಂ ನಮ್ಮ ಅಂಗೈ ಮೂಸುತ್ತಿದ್ದರು. ಬೇರೆ ಶಾಲೆಗಳಲ್ಲಿ ಉಗುರು ನೋಡುತ್ತಾರೆ, ತಲೆ ಬಾಚಿದೆಯಾ ಎಂದು ನೋಡುತ್ತಾರೆ. ಇವರು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಒಬ್ಬೊಬ್ಬರ ಕೈ ಹಿಡಿದು ಮೂಗಿನ ಹತ್ತಿರ ತಂದು, ಒಂದು ಉಸಿರು ಎಳೆದು, "ಸೊಪ್ಪು", "ಹೊಗೆ", "ಸುಣ್ಣ" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಸೊಪ್ಪು ಎಂದರೆ ಆ ಮಗು ಶಾಲೆಗೆ ಬರುವ ಮುಂಚೆಯೇ ಹಿಪ್ಪುನೇರಳೆ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ಬಂದಿದೆ ಎಂದರ್ಥ. ಹೊಗೆ ಎಂದರೆ ಅಮ್ಮನಿಗೆ ಮೈ ಸರಿಯಿಲ್ಲ, ಮಗಳೇ ಒಲೆ ಹೊತ್ತಿಸಿದ್ದಾಳೆ. ಸುಣ್ಣ ಎಂದರೆ ರೇಷ್ಮೆ ಹುಳುವಿಗೆ ರೋಗ ಬಂದು ಹುಳು ಸಾಕುವ ತಟ್ಟೆಗಳಿಗೆಲ್ಲ ಸುಣ್ಣದ ಪುಡಿ ಹಾಕಿದ್ದಾರೆ, ಆ ಮನೆಯಲ್ಲಿ ಯಾರ ಮುಖದಲ್ಲೂ ನಗುವಿಲ್ಲ.

ಸೊಪ್ಪಿನ ಕೈಯವರಿಗೆ ತರಗತಿಯ ಹಿಂದೆ ಒಂದು ಚಾಪೆ ಹಾಸಿರುತ್ತಿತ್ತು. ಮೊದಲ ಪೀರಿಯಡ್ಡು ಅಲ್ಲಿ ಮಲಗಬಹುದಿತ್ತು. ಸುಣ್ಣದ ಕೈಯವರನ್ನು ಅವತ್ತು ಯಾವ ಪ್ರಶ್ನೆಯನ್ನೂ ಕೇಳುವಂತಿರಲಿಲ್ಲ. ಮಕ್ಕಳ ಯೋಗಕ್ಷೇಮದ ಬಗ್ಗೆ ಈಗ ದೊಡ್ಡ ದೊಡ್ಡ ಹೆಸರಿಟ್ಟು ತರಬೇತಿ ಕೊಡುತ್ತಾರೆ. ನಾನೂ ಹೋಗಿ ಕೂತು ಬಂದಿದ್ದೇನೆ. ಟೀ ಚೆನ್ನಾಗಿತ್ತು.

ಸಾದಲಿ ಕಡೆಯ ನಮ್ಮ ಊರಲ್ಲಿ ಹುಳು ಸಾಕದ ಮನೆ ಕಡಿಮೆ. ಎಂಬತ್ತರ ದಶಕದಲ್ಲಿ ಮೇಡಂ ನಮ್ಮ ಸರ್ಕಾರಿ ಪ್ರೈಮರಿ ಶಾಲೆಗೆ ಹೆಡ್‌ಮೇಡಂ ಆಗಿ ಬಂದಾಗ ಅವರಿಗೆ ಹುಳುವಿನ ಗಂಧಗಾಳಿ ಗೊತ್ತಿರಲಿಲ್ಲ. ಅವರು ಮಂಚೇನಹಳ್ಳಿಯವರು. ಗಿಡ್ಡ ಆಳು, ದೊಡ್ಡ ಕೊಡೆ, ಎರಡು ಬೀದಿ ಆಚೆಗೂ ಕೇಳುವ ಗಂಟಲು. ಬಂದ ಹೊಸದರಲ್ಲಿ ಮನೆಮನೆಗೂ ಹೋಗಿ ಪರಿಚಯ ಮಾಡಿಕೊಳ್ಳುತ್ತೇನೆಂದು ಹೊರಟರು. ನಮ್ಮ ಮನೆಗೆ ಬಂದಾಗ ಮುಖಕ್ಕೆ ಘಮಘಮ ಪೌಡರು, ಮುಡಿಯಲ್ಲಿ ಮಲ್ಲಿಗೆ. ನಮ್ಮಲ್ಲಿ ಹುಳು ಮನೆಗೆ ಅಂಥ ವಾಸನೆ ಹೊತ್ತು ಯಾರೂ ಬರುವುದಿಲ್ಲ. ಹುಳು ಮೇವು ಬಿಡುತ್ತದೆ ಎನ್ನುವುದು ನಮ್ಮವರ ನಂಬಿಕೆ. ನಮ್ಮಜ್ಜಿ ಹೊಸ್ತಿಲಿಗೆ ಅಡ್ಡ ನಿಂತು, "ಏನಮ್ಮಾ ನೀನು, ಓದಿದೋಳು, ಪೌಡರ್ ಬಳ್ಕೊಂಡು ಹುಳು ಮನೆಗೆ ಬರ್ತಾರಾ?" ಎಂದು ಗದರಿಬಿಟ್ಟಳು. ಅಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ.

ಮೇಡಂ ಹೂವು ಕಿತ್ತು ಎಮ್ಮೆಯ ಮುಂದೆ ಹಾಕಿ, ತೊಟ್ಟಿಯ ಹತ್ತಿರ ಹೋಗಿ ಮುಖ ತಿಕ್ಕಿ ತೊಳೆದು, ಸೆರಗಲ್ಲಿ ಒರೆಸಿಕೊಂಡು ಬಂದು, "ಈಗ ಬರ್ಲಾ ಅಮ್ಮಾ?" ಎಂದು ಕೇಳಿದರು. ಅಜ್ಜಿ ಪಕ್ಕಕ್ಕೆ ಸರಿದಳು. ನಮ್ಮ ಊರಲ್ಲಿ ಇರುವಷ್ಟು ಕಾಲ ಅವರು ಮತ್ತೆ ಪೌಡರು ಮುಟ್ಟಲಿಲ್ಲ. "ಅಷ್ಟು ಸಣ್ಣ ಹುಳುಗೆ ಮೂಗಿದೆ ಅಂದ್ಮೇಲೆ ನನಗೂ ಒಂದು ಇದೆಯಲ್ಲಾ. ಅದನ್ನ ಮಕ್ಕಳ ಮೇಲೆ ಉಪಯೋಗಿಸ್ತೀನಿ," ಎಂದು ಮಾರನೆಯ ದಿನದಿಂದ ಅಂಗೈ ಮೂಸಲು ಶುರು ಮಾಡಿದರು.

ಪಾಠ ಮಾಡುವ ಕ್ರಮವನ್ನೂ ಅವರು ಹುಳುವಿನಿಂದಲೇ ಕಲಿತರು. ರೇಷ್ಮೆ ಹುಳು ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಸೊಪ್ಪು ಕೊಯ್ಯುವ ಕೆಲಸವಿಲ್ಲ, ಮನೆಮಂದಿಗೆಲ್ಲ ಬಿಡುವು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಮಾತ್ರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಗ ಮಕ್ಕಳು ಮರಿಗಳೆನ್ನದೆ ಎಲ್ಲರೂ ತೋಟದಲ್ಲೇ. ಮೇಡಂ ಭಿನ್ನರಾಶಿ, ಭಾಗಾಕಾರದಂಥ ಕಷ್ಟದ ಪಾಠಗಳನ್ನು ಜ್ವರದ ದಿನಗಳಿಗೆ ಎತ್ತಿಡುತ್ತಿದ್ದರು. "ನಿಮ್ಮನೇಲಿ ಎಷ್ಟನೇ ಜ್ವರಾನಪ್ಪಾ? ಎದ್ದಾಯ್ತಾ? ಹಾಗಾದ್ರೆ ನೀನು ಇವತ್ತು ಕಥೆ ಕೇಳು ಸಾಕು." ಒಂದೊಂದು ಮನೆಯದು ಒಂದೊಂದು ಹಂತ, ಎಲ್ಲವೂ ಅವರ ತಲೆಯಲ್ಲಿತ್ತು.

ಇನ್ನು ಹೋಂವರ್ಕು. ಬರೆಯುವ ಹೋಂವರ್ಕನ್ನು ಅವರು ಕೊಡುತ್ತಲೇ ಇರಲಿಲ್ಲ. ಸಂಜೆ ಗಂಟೆ ಹೊಡೆಯುವ ಮುಂಚೆ ಒಂದೇ ಒಂದು ಪ್ರಶ್ನೆ ಹೇಳುತ್ತಿದ್ದರು. "ಮನೇಲಿ ದೊಡ್ಡೋರನ್ನ ಕೇಳ್ಕೊಂಡು ಬನ್ನಿ. ಉತ್ತರ ಬಾಯಲ್ಲಿ ತನ್ನಿ." ನಿಮ್ಮಜ್ಜಿ ಚಿಕ್ಕವರಿದ್ದಾಗ ಊರಲ್ಲಿ ಏನೇನು ಇರಲಿಲ್ಲ? ಕೆಂಪು ಮಣ್ಣಿನ ಹೊಲದಲ್ಲಿ ಕಡಲೆಕಾಯಿ ಯಾಕೆ ಹಾಕ್ತಾರೆ? ಇಂಥವು. ಬೆಳಿಗ್ಗೆ ಸುಳ್ಳು ಉತ್ತರ ತಂದರೆ ಕಿವಿ ಹಿಂಡುತ್ತಿದ್ದರು, ಅದರಲ್ಲಿ ರಿಯಾಯಿತಿ ಇರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಿಡ್ಲಘಟ್ಟದಲ್ಲಿ ಒಂದು ಕಾನ್ವೆಂಟ್ ಶುರುವಾಗಿ ನಮ್ಮ ಊರಿಗೂ ಅದರ ವ್ಯಾನು ಬಂತು. ಸ್ಕೂಲ್ ಕಮಿಟಿಯ ಅಧ್ಯಕ್ಷರಾದ ನಾರೆಪ್ಪನವರು ತಮ್ಮ ಮೊಮ್ಮಗನನ್ನೇ ಮೊದಲು ಅದಕ್ಕೆ ಹತ್ತಿಸಿದರು. ಆ ಹುಡುಗ ಸಂಜೆ ಜಗಲಿಯ ಮೇಲೆ ಕೂತು ಬರೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲೂ ಅಸಮಾಧಾನ ಹೊಗೆಯಾಡತೊಡಗಿತು. ಅಜ್ಜಿ ನನ್ನ ಖಾಲಿ ಚೀಲ ಅಲ್ಲಾಡಿಸಿ, "ಏಮೇ, ಬಡಿಲೋ ಏಮೀ ಚೆಪ್ಪರಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. ಸ್ಕೂಲಲ್ಲಿ ನಿಜಕ್ಕೂ ಏನೂ ಹೇಳಿಕೊಡುವುದಿಲ್ಲವೇನೋ ಎಂಬ ಅನುಮಾನ ಅವಳಿಗೆ. ಕೊನೆಗೆ ಒಂದು ದಿನ ಅಪ್ಪ ತೀರ್ಮಾನ ಹೇಳಿದ: "ಚಿಕ್ಕೋನನ್ನ ವ್ಯಾನಿಗೆ ಹಾಕಣ. ಲಕ್ಷ್ಮಿ ನಾಲ್ಕು ಓದಿದ್ದು ಸಾಕು. ಹೋಂವರ್ಕೇ ಇಲ್ದಿರೋ ಸ್ಕೂಲಿಗೆ ಹೋಗಿ ಏನು ಮಾಡ್ಬೇಕು? ಮನೇಲಿದ್ರೆ ಸೊಪ್ಪಾದ್ರೂ ಕೊಯ್ತಾಳೆ."

ಲಕ್ಷ್ಮಿ ಎಂದರೆ ನಾನು, ಚಿಕ್ಕೋನು ನನ್ನ ತಮ್ಮ. ಮಾರನೆಯ ದಿನ ಅಳುತ್ತಾ ಹೋಗಿ ಮೇಡಂಗೆ ಹೇಳಿದೆ. ತಲೆ ನೇವರಿಸುತ್ತಾರೆ ಅಂದುಕೊಂಡಿದ್ದೆ. ಅವರು, "ಅಳೋದು ಆಮೇಲೆ ಇಟ್ಕೋ. ಮಂಜು ಬಿದ್ದಿರೋ ಸೊಪ್ಪನ್ನ ಹುಳುಗೆ ಯಾಕೆ ಹಾಕಲ್ಲ ಅಂತ ನಿಮ್ಮಪ್ಪನ್ನ ಕೇಳ್ಕೊಂಡು ಬಾ," ಎಂದರು. ಅಷ್ಟೇ. ಆಮೇಲೆ ಬೋರ್ಡಿನ ಮೇಲೆ ಇಬ್ಬನಿಯ ಪಾಠ ಶುರು ಮಾಡಿದರು. ಪುಸ್ತಕದಲ್ಲಿ ಅದು ಎಲ್ಲೋ ಕೊನೆಯಲ್ಲಿತ್ತು.

ಅದೇ ವಾರ ಊರಿನ ತಂದೆತಾಯಿಯರೆಲ್ಲ ಶಾಲೆಯಲ್ಲಿ ಸೇರಿದರು. ಕರೆಸಿದ್ದವರು ನಾರೆಪ್ಪನವರು. "ಮೇಡಮ್ಮೋರೇ, ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ. ಮಕ್ಕಳು ಇಲ್ಲಿ ನಿದ್ದೆ ಮಾಡ್ತಾರೆ, ಮನೇಲಿ ಬರೆಯಲ್ಲ. ಹಿಂಗಾದ್ರೆ ಹೆಂಗೆ? ಹೋಂವರ್ಕ್ ಕೊಡಿ, ಇಲ್ದಿದ್ರೆ ಎಲ್ಲಾರೂ ವ್ಯಾನ್ ಹತ್ತಿಸ್ತೀವಿ," ಎಂದರು. ತುಂಬಾ ಜನ ತಲೆಯಾಡಿಸಿದರು. ಅಪ್ಪನೂ ಆಡಿಸಿದ. ನಾನು ಕಿಟಕಿಯ ಹತ್ತಿರ ಕೂತು ಅದನ್ನು ನೋಡಿದೆ.

ಮೇಡಂ ಅಪ್ಪನ ಕಡೆ ತಿರುಗಿದರು. "ಮುನಿಶಾಮಪ್ಪನೋರೇ, ಮೊನ್ನೆ ಸಂಜೆ ನಿಮ್ಮ ಹುಡುಗಿ ನಿಮ್ಮನ್ನ ಏನೋ ಕೇಳಿದ್ಲಂತೆ?"

"ಅದಾ? ಮಂಜಿನ ಸೊಪ್ಪು ಯಾಕೆ ಹಾಕಲ್ಲ ಅಂತ. ತೇವದ ಸೊಪ್ಪು ತಿಂದ್ರೆ ಹುಳುಗೆ ಭೇದಿ ಆಗುತ್ತೆ, ಅಷ್ಟೂ ಗೊತ್ತಿಲ್ವಾ ಅಂದೆ."

"ಭೇದಿ ಆಮೇಲೆ ಕಣಪ್ಪಾ," ಎಂದು ನಾರೆಪ್ಪನವರು ಬಾಯಿ ಹಾಕಿದರು. "ಮೊದ್ಲು ತಟ್ಟೆ ತೇವ ಆಗುತ್ತೆ, ಅಡೀಲಿ ಕೊಳೆಯುತ್ತೆ. ರೋಗ ಬರೋದೇ ಅದರಿಂದ."

ಹಿಂದಿನಿಂದ ಇನ್ನೊಬ್ಬರು ಎದ್ದರು. ಹೆಂಗಸರು ನಡುವೆ ಮಾತು ಸೇರಿಸಿದರು. ಕಾನ್ವೆಂಟ್ ಮರೆತು ಹೋಗಿ ಇಡೀ ಸಭೆ ತೇವದ ಸೊಪ್ಪಿನ ಮೇಲೆ ಜಗಳವಾಡತೊಡಗಿತು. ಮೇಡಂ ಸಾಕಷ್ಟು ಆಡಲು ಬಿಟ್ಟು, ಆಮೇಲೆ ತಮ್ಮ ಆ ಗಂಟಲು ಎತ್ತಿದರು. "ಲಕ್ಷ್ಮೀ, ಎದ್ದು ನಿಲ್ಲಮ್ಮಾ. ಸೊಪ್ಪಿನ ಮೇಲೆ ಆ ನೀರು ಎಲ್ಲಿಂದ ಬಂತು, ಹೇಳು."

ನಾನು ಎದ್ದೆ. ಗಾಳಿಯಲ್ಲಿ ನೀರಿನ ಆವಿ ಇರುತ್ತದೆ, ರಾತ್ರಿ ಎಲೆ ತಣ್ಣಗಾದಾಗ ಅದರ ಮೇಲೆ ಹನಿಯಾಗಿ ಕೂರುತ್ತದೆ, ಬಿಸಿಲೇರಿದ ಮೇಲೆ ಮತ್ತೆ ಗಾಳಿಗೇ ಹೋಗುತ್ತದೆ, ಅದಕ್ಕೇ ಅಪ್ಪ ಬಿಸಿಲು ಬೀಳುವ ತನಕ ಕಾಯುವುದು ಎಂದು ಹೇಳಿದೆ. ಅಪ್ಪ ಹೇಳಿದ್ದೂ, ಅಜ್ಜಿ ಹೇಳಿದ್ದೂ, ಪುಸ್ತಕದಲ್ಲಿದ್ದದ್ದೂ ಒಟ್ಟಿಗೆ ಬಾಯಿಂದ ಬಂತು. ಎಲ್ಲೂ ತಡವರಿಸಲಿಲ್ಲ. ಅವತ್ತು ನನ್ನ ಬಗ್ಗೆ ನನಗೇ ಎಷ್ಟು ಹೆಮ್ಮೆಯಾಯಿತೆಂದರೆ, ಅದರ ಬಿಸಿ ಇನ್ನೂ ಆರಿಲ್ಲ.

"ಇದೇ ನನ್ನ ಹೋಂವರ್ಕು," ಎಂದರು ಮೇಡಂ. "ಮಾಡಿಸ್ತಾ ಇರೋರು ನೀವೇ. ಬ್ಯಾಗಲ್ಲಿ ಹುಡುಕಿದ್ರೆ ಎಲ್ಲಿ ಸಿಗುತ್ತೆ?"

"ಆದ್ರೂ ಬರೀಬೇಕಲ್ಲಮ್ಮಾ," ಎಂದು ನಾರೆಪ್ಪನವರು ಗೊಣಗಿದರು.

"ಬರೀತಾರೆ. ಇಲ್ಲಿ, ಬೆಳಕಲ್ಲಿ, ನನ್ನ ಎದುರಿಗೆ. ಬೆಳಿಗ್ಗೆಯಿಂದ ದುಡಿದ ಮಗು ಬುಡ್ಡಿ ದೀಪದ ಮುಂದೆ ತೂಕಡಿಸ್ಕೊಂಡು ಬರೆಯೋದು ಬೇಡ. ಸೊಪ್ಪು ಕೊಯ್ದು ಲೇಟಾಗಿ ಬರ್ಲಿ, ನಾನು ಒಂದು ಮಾತೂ ಅನ್ನಲ್ಲ. ಬರದೇ ಇರೋ ಹಂಗೆ ಮಾತ್ರ ಮಾಡ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಪ್ಪ ಮನೆಗೆ ಬಂದು ತಟ್ಟೆಗೆ ಸೊಪ್ಪು ಹರಡುತ್ತಾ, ನನ್ನ ಮುಖ ನೋಡದೆ, "ನಾಳೆಗೆ ಏನಂತೆ ಪ್ರಶ್ನೆ?" ಎಂದು ಕೇಳಿದ. ನನ್ನ ಐದನೇ ಕ್ಲಾಸು ಉಳಿಯಿತೆಂದು ನನಗೆ ಗೊತ್ತಾದದ್ದು ಹಾಗೆ.

ಊರೆಲ್ಲ ಮನಸ್ಸು ಬದಲಾಯಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಮಕ್ಕಳು ಹೋದರು. ನನ್ನ ತಮ್ಮನೂ ವ್ಯಾನ್ ಹತ್ತಿದ. ಅವನ ಹೋಂವರ್ಕನ್ನು ಅಜ್ಜಿಯೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಸೇರಿ ಮಾಡುತ್ತಿದ್ದೆವು.

ಮೇಡಂ ಆಮೇಲೆ ಮಂಚೇನಹಳ್ಳಿ ಕಡೆಗೆ ವರ್ಗವಾಗಿ ಹೋದರು, ಅಲ್ಲೇ ನಿವೃತ್ತರಾದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಟಿ.ಸಿ.ಎಚ್. ಮುಗಿಸಿ ಶಿಡ್ಲಘಟ್ಟದ ಒಂದು ಶಾಲೆಗೆ ಟೀಚರಾಗಿ ಸೇರಿದಾಗ ಸ್ವೀಟ್ ತಗೊಂಡು ಅವರ ಮನೆಗೆ ಹೋದೆ. ತಂಗಿಯ ಜೊತೆ ಇದ್ದರು. ಇಳಿದು ಹೋಗಿದ್ದರು. ಗಂಟಲು ಮಾತ್ರ ಹಾಗೇ ಇತ್ತು. ಸ್ವೀಟ್ ಪಕ್ಕಕ್ಕಿಟ್ಟು ನನ್ನ ಅಂಗೈ ಎಳೆದುಕೊಂಡು ಮೂಗಿಗೆ ಹಿಡಿದರು. "ಏನೂ ಗೊತ್ತಾಗ್ತಾ ಇಲ್ಲ ಕಣೇ. ಮೂಗು ಸತ್ತೋಯ್ತು," ಎಂದು ನಕ್ಕರು. "ಸೀಮೆಸುಣ್ಣ ಮೇಡಂ," ಎಂದೆ. ಅವರು ನನ್ನ ಕೈ ಬಿಡಲೇ ಇಲ್ಲ. ಹೊರಡುವಾಗ ಬಾಗಿಲ ತನಕ ಬಂದು, "ನಿನ್ನ ಕ್ಲಾಸಲ್ಲಿ ಮೊದ್ಲು ತೂಕಡಿಸೋದು ಯಾವ ಮಗು? ಯಾಕೆ? ತಿಳ್ಕೊಂಡು ಬಂದು ಹೇಳು," ಎಂದರು.

ತೂಕಡಿಸುತ್ತಿದ್ದವಳು ಶಬಾನಾ. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ನಸುಕಿನಲ್ಲಿ ಬೀದಿ ನಲ್ಲಿಗೆ ನೀರು ಬರುತ್ತದೆ, ಗೂಡು ಬೇಯಿಸುವ ನೀರಿಗೆ ಕೊಡ ಹಿಡಿದು ನಿಲ್ಲುವವಳು ಅವಳೇ. ಅವರಮ್ಮನ ಜೊತೆ ಕೂತು ಮಾತಾಡಿ ಇಷ್ಟನ್ನು ತಿಳಿದುಕೊಂಡು, ಭಾನುವಾರ ಉತ್ತರ ಬಾಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಾಗಿಲು ತೆಗೆದ ತಂಗಿ ನನ್ನನ್ನು ನೋಡಿ ಅತ್ತರು. ಮೇಡಂ ತೀರಿಹೋಗಿ ಒಂದು ವಾರವಾಗಿತ್ತು. ಅವರು ಕೂರುತ್ತಿದ್ದ ಕುರ್ಚಿಯ ಎದುರು ನಾನೂ ಕೂತು ಅತ್ತೆ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಶಬಾನಾಳ ಅಂಗೈ ಹಿಡಿದು ಮೂಗಿಗೆ ತಂದೆ. ತಣ್ಣಗಿತ್ತು, ಹಿತ್ತಾಳೆ ಕೊಡದ ವಾಸನೆ. ಮನೆಯಿಂದ ಒಂದು ಚಾಪೆ ತಂದು ಹಿಂದೆ ಹಾಸಿದ್ದೆ. "ಹೋಗಿ ಮಲಕ್ಕೋ ಹೋಗಮ್ಮಾ, ಪಾಠ ಆಮೇಲೆ ಹೇಳ್ತೀನಿ," ಎಂದೆ. ವರಾಂಡದಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ಟರು ನಿಂತುಬಿಟ್ಟರು. "ಏನ್ರೀ ಇದು ಮೇಡಂ? ಯಾವ ಸ್ಕೂಲಲ್ಲಿ ಕಲಿತು ಬಂದ್ರಿ ಇದನ್ನ?"

ನಾನು ಎದೆಯುಬ್ಬಿಸಿಕೊಂಡು ಹೇಳಿದೆ: "ಗಂಗರತ್ನಮ್ಮ ಮೇಡಂ ಸ್ಕೂಲಲ್ಲಿ, ಸಾರ್."