ಖಾಲಿ ಬರುತ್ತಿದ್ದ ತಟ್ಟೆಗಳು

ನಮ್ಮ ಶಿಶುವಿಹಾರದಲ್ಲಿ ಹನ್ನೊಂದು ವರ್ಷ ಒಂದು ತುತ್ತೂ ಅಡುಗೆಮನೆಗೆ ವಾಪಸ್ ಬಂದಿರಲಿಲ್ಲ. ಚಿಕ್ಕ ಮಕ್ಕಳ ಕೋಣೆಗೆ ಹದಿನಾಲ್ಕು ಸ್ಟೀಲ್ ತಟ್ಟೆ ಹೋಗುತ್ತಿದ್ದವು, ಹದಿನಾಲ್ಕೂ ತೊಳೆದಿಟ್ಟಷ್ಟು ಖಾಲಿಯಾಗಿ ಬರುತ್ತಿದ್ದವು. ಅಡುಗೆಯವಳು ನಾನೇ. ಹಾಗಾಗಿ ಅಷ್ಟೂ ವರ್ಷ ನನ್ನ ಕಾಲು ನೆಲದ ಮೇಲಿರಲಿಲ್ಲ. ಯಾವ ತಾಯಿಯಾದರೂ ತನ್ನ ಮಗು ಮನೆಯಲ್ಲಿ ಊಟವೇ ಮುಟ್ಟುವುದಿಲ್ಲ ಎಂದು ಗೋಳಾಡಿದರೆ, "ಅದಕ್ಕೆಲ್ಲ ಕೈಗುಣ ಬೇಕಮ್ಮ" ಎಂದು ಮುಗುಳ್ನಕ್ಕು ಒಳಗೆ ಹೋಗುತ್ತಿದ್ದೆ. ತಟ್ಟೆ ಇಷ್ಟು ಖಾಲಿಯಾಗುತ್ತಿದ್ದರೆ ಪಾಪ ಮಕ್ಕಳಿಗೆ ಸಾಲುತ್ತಿಲ್ಲ ಎಂದು ಆಗಾಗ ಅರ್ಧ ಸೌಟು ಹೆಚ್ಚಿಸುತ್ತಲೂ ಇದ್ದೆ. ಆ ಅರ್ಧ ಸೌಟನ್ನು ನೆನಪಿನಲ್ಲಿಡಿ, ನನ್ನ ಮಾನ ಹೋದದ್ದು ಅದರಿಂದ.

ತಟ್ಟೆಗಳನ್ನು ತಂದುಕೊಡುತ್ತಿದ್ದವಳು ದೊಡ್ಡಮ್ಮ. ಆ ಕೋಣೆಯ ಇಬ್ಬರು ಆಯಾಗಳಲ್ಲಿ ಹಿರಿಯಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆಯಲ್ಲಿದ್ದಾಳೆ. ಯಾರಿಗೂ ಜಗ್ಗದೆ ಅಳುವ ಮಗುವನ್ನು ಅವಳ ಮಡಿಲಿಗೆ ಹಾಕಿದರೆ, ಎರಡು ಸಲ ಬಿಕ್ಕಿ ಮೂರನೆಯದಕ್ಕೆ ನಿದ್ದೆ ಹೋಗುತ್ತದೆ. ಅಂಥ ಮಡಿಲು ನಮ್ಮ ಬೀದಿಯಲ್ಲೇ ಇನ್ನೊಂದಿಲ್ಲ.

ನಲವತ್ತೈದು ದಾಟಿದ ಮೇಲೆ ಅವಳ ತೂಕ ಏರತೊಡಗಿತು. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗುವುದು, ರಾತ್ರಿ ನಿದ್ದೆ ಬಾರದಿರುವುದು, ಮೆಟ್ಟಿಲು ಹತ್ತಿದರೆ ಮಂಡಿ ಗೊಣಗುವುದು, ಎಲ್ಲ ಒಟ್ಟಿಗೇ ಬಂದವು. ಮೊದಲು ಬೆಳಗಿನ ತಿಂಡಿ ಬಿಟ್ಟಳು, ಆಮೇಲೆ ರಾತ್ರಿ ಊಟ ಬಿಟ್ಟಳು. ತೂಕ ಮಾತ್ರ ಅವಳನ್ನು ಬಿಡಲಿಲ್ಲ. "ತಿನ್ನೋದು ನೋಡಿದ್ರೆ ಗುಬ್ಬಚ್ಚಿ ಹಂಗೆ. ಮೈ ಎಲ್ಲಿಂದ ಬರುತ್ತೋ ದೇವರೇ ಬಲ್ಲ" ಎಂದು ನಾನೇ ಎಲ್ಲರೆದುರು ಮರುಗುತ್ತಿದ್ದೆ.

ಒಂದು ದಿನ ಅವಳು ನೆಲದಲ್ಲಿ ಕೂತು ಮಗುವಿನ ಮೂಗು ಒರೆಸುತ್ತಿದ್ದಾಗ ಇನ್ನೊಂದು ಮಗು ತೆರೆದ ಬಾಗಿಲಿನಿಂದ ಹೊರಗೆ ನಡೆಯಿತು. ದೊಡ್ಡಮ್ಮನಿಗೆ ಏಳಲಾಗಲಿಲ್ಲ. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈ ಮಂಡಿಗೆ ಕೊಟ್ಟು ಎದ್ದು ನಿಲ್ಲುವಷ್ಟರಲ್ಲಿ ಆ ಕುಳ್ಳ ಮೆಟ್ಟಿಲ ತುದಿ ತಲುಪಿದ್ದ. ಪುಣ್ಯಕ್ಕೆ ನಾನು ಆಗ ನೀರಿನ ಜಗ್ ಹಿಡಿದು ಬರುತ್ತಿದ್ದೆ. ಜಗ್ ಬಿಟ್ಟು ಅವನನ್ನು ಹಿಡಿದುಕೊಂಡೆ.

ಮರುದಿನ ಶಿಶುವಿಹಾರ ನಡೆಸುವ ಮೇಡಂ ಅವಳನ್ನು ಕೂರಿಸಿಕೊಂಡು ಹೇಳಿದರು. ಬೈಯಲಿಲ್ಲ, ಅದೇ ಕಷ್ಟವಾದದ್ದು. "ಮಗು ಎತ್ಕೊಂಡು, ಏನೂ ಹಿಡ್ಕೊಳ್ದೆ ನೆಲದಿಂದ ಏಳೋಕೆ ಬರ್ಬೇಕು. ಮೂರು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಗೇಟ್ ಹತ್ರ ಕುರ್ಚಿ ಹಾಕಿಸ್ತೀನಿ. ಬರೋರು ಹೋಗೋರ ಹೆಸರು ಬರ್ಕೊಂಡಿದ್ರೆ ಸಾಕು." ದೊಡ್ಡಮ್ಮ ಆಯ್ತು ಎಂದು ತಲೆಯಾಡಿಸಿ ಅಡುಗೆಮನೆಗೆ ಬಂದು, ಅಕ್ಕಿ ಡಬ್ಬದ ಮೇಲೆ ಕೂತು ಅತ್ತಳು. ಮಕ್ಕಳಿಲ್ಲದ ಕುರ್ಚಿಯಲ್ಲಿ ಅವಳು ಒಂದು ವಾರ ಬದುಕಲಾರಳು ಎಂದು ನನಗೆ ಗೊತ್ತಿತ್ತು.

ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಲು ಬರುವ ನರ್ಸ್ ಹುಡುಗಿಯನ್ನು ನಾನೇ ಹಿಡಿದು ನಿಲ್ಲಿಸಿದೆ. ಅವಳು ದೊಡ್ಡಮ್ಮನ ಕಥೆಯೆಲ್ಲ ಕೇಳಿದಳು. "ಊಟ ಬಿಡೋದನ್ನ ಮೊದಲು ನಿಲ್ಲಿಸಿ ದೊಡ್ಡಮ್ಮಾ. ಈ ವಯಸ್ಸಲ್ಲಿ ಮೈಗೆ ಮೊದಲಿನಷ್ಟು ಬೇಕಾಗಲ್ಲ ನಿಜ, ಆದ್ರೆ ಊಟ ಬಿಟ್ರೆ ಇರೋ ಶಕ್ತಿನೂ ಹೋಗುತ್ತೆ, ಮಂಡಿಗೆ ಬಲ ಎಲ್ಲಿಂದ ಬರುತ್ತೆ?" ಎಂದಳು. ಆಮೇಲೆ ಮುಚ್ಚಳವಿರುವ ಒಂದು ಡಬ್ಬಿ ಕೇಳಿ ಪಡೆದು ಅವಳ ಕೈಗಿಟ್ಟಳು. "ನಿಮ್ಮ ಊಟ ನೀವು ತಿನ್ನಿ. ಅದು ಬಿಟ್ಟು ಬಾಯಿಗೆ ಏನು ಹೋಗೋದಿದ್ರೂ ಮೂರು ದಿನ ಬಾಯಿಗೆ ಬೇಡ, ಇದಕ್ಕೆ ಹಾಕಿ."

ಮೂರು ದಿನ ಬೇಕಾಗಲಿಲ್ಲ. ಮೊದಲ ದಿನ ಮಧ್ಯಾಹ್ನ ಎರಡು ಗಂಟೆಗೇ ಡಬ್ಬಿಯ ಮುಚ್ಚಳ ಕೂರಲಿಲ್ಲ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಅಡುಗೆಮನೆಯ ಬಾಗಿಲು ಹಾಕಿ ನನ್ನ ಮುಂದಿಟ್ಟಳು. ಅನ್ನದ ಉಂಡೆಗಳು, ಹಿಸುಕಿದ ಮೊಟ್ಟೆ, ತುದಿ ಚೀಪಿದ ಬಿಸ್ಕತ್ತು, ಅರ್ಧ ಬಾಳೆಹಣ್ಣು. ಅದರ ನಡುವೆ ನಾನು ಅಂದು ಬೆಳಿಗ್ಗೆ ಕೂತು ಹೂವಿನಂತೆ ಕತ್ತರಿಸಿದ್ದ ಕ್ಯಾರೆಟ್ ಚೂರುಗಳು.

"ಇದು ನನ್ನ ಅಡುಗೆ ಅಲ್ವೇನೇ?" ಎಂದೆ.

"ಹೂಂ."

"ಯಾರು ಬಿಟ್ಟಿದ್ದು?"

"ಎಲ್ಲರೂ."

"ಇವತ್ತು ಉಪ್ಪು ಜಾಸ್ತಿ ಆಗಿತ್ತಾ?"

"ದಿನಾ ಬಿಡ್ತಾರಕ್ಕಾ. ಮಕ್ಕಳಲ್ವಾ, ಎರಡು ತುತ್ತು ತಿಂತಾರೆ, ನಾಲ್ಕು ಬಿಡ್ತಾರೆ."

ನನ್ನ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ಊರೆಲ್ಲ ಕೈಗುಣದ ಬಗ್ಗೆ ಕೊಚ್ಚಿಕೊಂಡ ಹೆಂಗಸು ನಾನು. ಮೊದಲೇ ಹೇಳಲು ನಿನಗೇನು ಧಾಡಿಯಾಗಿತ್ತು ಎಂದು ಕೂಗಾಡಿದೆ. ಅವಳು ಡಬ್ಬಿಯನ್ನೇ ನೋಡುತ್ತಾ ನಿಧಾನವಾಗಿ ಹೇಳಿದಳು.

"ನೀನು ಕೆಲಸಕ್ಕೆ ಸೇರಿದ ವಾರ ನೆನಪಿದ್ಯಾ ಅಕ್ಕಾ? ಭಾವ ತೀರಿಕೊಂಡು ಇನ್ನೂ ಎರಡು ತಿಂಗಳು ಆಗಿರ್ಲಿಲ್ಲ. ತಟ್ಟೇಲಿ ಉಳಿದಿದ್ದ ಅನ್ನ ನೋಡಿ, ಇದೂ ನನ್ನ ಕೈಲಿ ಆಗ್ಲಿಲ್ಲ ಅಂತ ನೀನು ಸಿಂಕ್ ಮುಂದೆ ನಿಂತು ಅತ್ತಿದ್ದೆ. ಅವತ್ತಿಂದ ಉಳಿದಿದ್ದೆಲ್ಲ ನಾನೇ ಬಾಯಿಗೆ ಹಾಕ್ಕೊಂಡು, ಒಂದು ಅಗುಳೂ ನಿನ್ನ ಕಣ್ಣಿಗೆ ಬೀಳ್ದಂಗೆ ನೋಡ್ಕೊಂಡೆ. ನೀನು ನೋಡಿದ್ರೆ ದಿನ ಹೋದಂಗೆ ಸೌಟು ದೊಡ್ಡದು ಮಾಡ್ತಾ ಹೋದೆ."

ಆ ದಿನ ನಾನು ಅತ್ತದ್ದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಅವಳ ಮೇಲೆ ಹೊಟ್ಟೆಯೊಳಗಿಂದ ಪ್ರೀತಿ ಉಕ್ಕಿ ಬಂತು. ಆದರೂ ಸೋಲು ಒಪ್ಪದ ನಾಲಿಗೆ ನನ್ನದು, ಕ್ಯಾರೆಟ್ಟನ್ನಾದರೂ ತಿನ್ನಬಹುದಿತ್ತು ಆ ಕತ್ತೆಗಳು ಎಂದೆ. ಇಬ್ಬರೂ ನಕ್ಕೆವು, ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಹತ್ತಿತು.

ಮರುದಿನದಿಂದ ಸೌಟು ಬದಲಾಯಿತು. ಮಕ್ಕಳಿಗೆ ಒಂದು ಚಮಚ ಅನ್ನ, ಒಂದು ಚಮಚ ತರಕಾರಿ, ಬೇಕೆಂದವರಿಗೆ ಮತ್ತೊಂದು ಚಮಚ. ಉಳಿದದ್ದು ಉಳಿದ ಹಾಗೇ ಒಳಗೆ ಬರಲಿ, ನಾನು ಗಟ್ಟಿಯಾಗಿದ್ದೇನೆ ಎಂದೆ. ಜೊತೆಗೆ ಹದಿನೈದನೆಯ ತಟ್ಟೆಯೊಂದನ್ನು ಇಟ್ಟೆ. ಅದರಲ್ಲಿ ಅನ್ನ ಹದವಾಗಿ, ಬೇಳೆ, ಮೊಟ್ಟೆ, ತರಕಾರಿ ಧಾರಾಳವಾಗಿ. ಮಕ್ಕಳಿಗಿಂತ ಮೊದಲು ಅದನ್ನು ದೊಡ್ಡಮ್ಮನ ಮುಂದಿಟ್ಟೆ. ಅವಳು ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಾ ಕೂತಳು.

"ತಿನ್ನೇ, ಆರಿಹೋಗುತ್ತೆ."

"ನಂಗೆ ಅಂತ ಮೊದಲು ಬಡಿಸಿದ್ದು ಯಾವತ್ತು ಅಂತ ಯೋಚನೆ ಮಾಡ್ತಾ ಇದ್ದೆ ಅಕ್ಕಾ. ನೆನಪಾಗ್ತಿಲ್ಲ."

ಮನೆಯಲ್ಲೂ ಅವಳದು ಅದೇ ಕಥೆ. ಗಂಡ ಮಗಳು ಉಂಡ ಮೇಲೆ, ನಿಂತೇ, ಪಾತ್ರೆಯ ತಳ ಕೆರೆದು ಬಾಯಿಗೆ ಹಾಕುವುದು. ಆ ರಾತ್ರಿಯಿಂದ ಅಲ್ಲೂ ಒಂದು ತಟ್ಟೆ ಹಾಕಿಕೊಂಡು ಕೂರು ಎಂದು ಆಣೆ ಹಾಕಿಸಿಕೊಂಡೆ.

ಏಳುವ ಅಭ್ಯಾಸ ಬೇರೆ. ದಿನಕ್ಕೆ ನಾಲ್ಕು ಸಲ ನೆಲದಲ್ಲಿ ಕೂತು ಏಳಬೇಕು. ಮೊದಲು ಗೋಡೆ ಹಿಡಿದು, ಆಮೇಲೆ ಕುರ್ಚಿ ಹಿಡಿದು, ಆಮೇಲೆ ನನ್ನ ಕೈ ಹಿಡಿದು. ಮಕ್ಕಳಿಗೆ ಇದು ಆಟವಾಯಿತು. ಅವಳು ಕೂತರೆ ಹದಿನಾಲ್ಕೂ ಕೂರುತ್ತಿದ್ದವು, ಅವಳು ಏದುಸಿರು ಬಿಡುತ್ತಾ ಎದ್ದರೆ ಅವೂ ಸುಳ್ಳು ಏದುಸಿರು ಬಿಡುತ್ತಾ ಏಳುತ್ತಿದ್ದವು.

ಮೂರು ತಿಂಗಳ ಕೊನೆಗೆ ಮೇಡಂ ಬಂದು, ಕೋಣೆಯಲ್ಲೇ ಅತಿ ಭಾರದ ಮಗುವನ್ನು ಆರಿಸಿ ಅವಳ ಮಡಿಲಲ್ಲಿಟ್ಟರು. ನಾನು ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ದೊಡ್ಡಮ್ಮ ಒಂದು ಕಾಲು ಮುಂದಿಟ್ಟು, ಮಗುವನ್ನು ಎದೆಗೊತ್ತಿಕೊಂಡು, ಒಮ್ಮೆ ತೂಗಾಡಿ, ಎದ್ದು ನಿಂತಳು. ಗೋಡೆ ಮುಟ್ಟಲಿಲ್ಲ. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡು, ಕೋಣೆ ನಿಮ್ಮದೇ ಎಂದು ಹೇಳಿ ಹೋದರು. ಅವಳ ತೂಕ ಇಳಿದದ್ದು ಐದು ಕೆಜಿ. ತೆಳ್ಳಗಾದಳು ಎಂದರೆ ಸುಳ್ಳಾಗುತ್ತದೆ. ಈಗಲೂ ಆ ಮಡಿಲಲ್ಲಿ ಇಬ್ಬರು ಮಕ್ಕಳು ಆರಾಮಾಗಿ ಮಲಗುತ್ತಾರೆ.

ಅಂದು ಮಧ್ಯಾಹ್ನ ತಟ್ಟೆಗಳು ಒಳಗೆ ಬಂದವು. ಹದಿನೈದನೆಯದರಲ್ಲಿ ಎರಡು ತುತ್ತು ಅನ್ನ ಉಳಿದಿತ್ತು.

"ಯಾಕೇ, ಚೆನ್ನಾಗಿರ್ಲಿಲ್ವಾ?" ಎಂದೆ. ಹಳೇ ಹುಣ್ಣು, ಮುಟ್ಟಿದರೆ ಇನ್ನೂ ನೋಯುತ್ತದೆ.

"ತುಂಬಾ ಚೆನ್ನಾಗಿತ್ತು. ಸಾಕಾಯ್ತು ಅಕ್ಕಾ."

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವಳು ಮಕ್ಕಳನ್ನು ಮಲಗಿಸಲು ಹೊರಟಳು. ನಾನು ತಟ್ಟೆ ಎತ್ತಿಕೊಂಡು ಸಿಂಕಿನ ಬಳಿ ನಿಂತೆ. ಎರಡೇ ತುತ್ತು, ಚೆಲ್ಲಲು ಮನಸ್ಸಾಗಲಿಲ್ಲ. ಕೈ ತಾನಾಗಿಯೇ ಬಾಯಿಯ ಹತ್ತಿರ ಬಂದಿತ್ತು.

ಬಾಗಿಲ ಹತ್ತಿರದಿಂದ ಅವಳ ದನಿ ಕೇಳಿಸಿತು. "ಡಬ್ಬಿ ತಂದ್ಕೊಡ್ಲಾ ಅಕ್ಕಾ?"