ಯಾವಗಲ್ಲಿನ ಬೇವಿನ ಗಿಡದ ಮೂಡಲಕ್ಕೆ

ರೋಣ, ನರಗುಂದ, ಗಜೇಂದ್ರಗಡದ ಕಡೆ ವಂಶಾವಳಿ ಹುಡುಕುವವರಲ್ಲಿ ಶ್ರೀ ಗುರುಸಂಗಪ್ಪ ಅಂಗಡಿಯವರನ್ನು ಅರಿಯದವರು ಅಪರೂಪ. ಮೂವತ್ತಾರು ವರ್ಷ ದಾಖಲೆ ಕೋಣೆಯಲ್ಲಿ ಹಳೆಯ ಜನಗಣತಿಯ ಮನೆಪಟ್ಟಿಗಳ ಧೂಳು ಕುಡಿದು, ರಜೆಯ ದಿನ ಬಸ್ಸು ಹತ್ತಿ ಊರೂರಿನ ರುದ್ರಭೂಮಿ, ಕಬರಸ್ತಾನಗಳ ಕಲ್ಲುಗಳನ್ನು ಓದಿ ಬಂದ ಇವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹನ್ನೊಂದು ವರ್ಷ ಇವರ ಕೈಕೆಳಗೆ ಕೆಲಸ ಕಲಿತ ನನಗೆ ಸಂತೋಷವಾಗಬೇಕಿತ್ತು, ಆಗುತ್ತಿಲ್ಲ.

ಇವರ ಸಿಟ್ಟು ಪ್ರಸಿದ್ಧ. ಯಾರಾದರೂ ಬೆರಳಿಗೆ ಉಗುಳು ಹಚ್ಚಿ ಹಳೆಯ ಹಾಳೆ ತಿರುವಿದರೆ ಸಾಹೇಬರನ್ನೂ ಬಿಡುತ್ತಿರಲಿಲ್ಲ. ಆದರೆ ನನ್ನ ತಾಯಿ ರೇಣವ್ವ ಕಚೇರಿಗೆ ಬಂದ ದಿನ ತಾವೇ ಎದ್ದು ಕುರ್ಚಿ ಕೊಟ್ಟರು. ಅವ್ವ ಹುಟ್ಟಿದ ಮೂರನೆಯ ದಿನಕ್ಕೇ ತಾಯಿಯನ್ನು ಕಳೆದುಕೊಂಡು, ಹೊಳೆಮಣ್ಣೂರಿನಲ್ಲಿ ತಂದೆಯ ಮನೆಯಲ್ಲಿ ಬೆಳೆದವಳು. ತಾಯಿಯ ಹೆಸರು ನೀಲವ್ವ, ತವರು ಯಾವಗಲ್, ಬಾಣಂತಿಯಾಗಿ ಅಲ್ಲೇ ತೀರಿಕೊಂಡಳು. ಅವ್ವನಿಗೆ ಗೊತ್ತಿದ್ದುದು ಇಷ್ಟೇ.

"ಸಾಯೂದ್ರಾಗ ನಮ್ಮವ್ವನ ಕುಣಿ ಮ್ಯಾಲ ಒಂದ್ ಹೂವಾ ಇಡಬೇಕ್ರಿ," ಎಂದಳು.

ಮೂರು ವರ್ಷ ಗುರುಸಂಗಪ್ಪನವರು ಆ ಸಮಾಧಿ ಹುಡುಕಿದರು. ಯಾವಗಲ್ಲಿನಲ್ಲಿ ಯಾರನ್ನು ಎಲ್ಲಿ ಹೂಳಿದರೆಂದು ಹಿರಿಯರು ಬರೆದಿಟ್ಟ ವಹಿಯಲ್ಲಿ ನೀಲವ್ವ ಇರಲಿಲ್ಲ. ಅಷ್ಟರಲ್ಲಿ ಅವ್ವನಿಗೆ ಕಣ್ಣು ಕಾಣದಾದವು. ಒಂದು ಮಧ್ಯಾಹ್ನ ೧೯೫೧ರ ಮನೆಪಟ್ಟಿ ನೋಡುತ್ತಿದ್ದವರು, ಇಡೀ ಊರಿನಲ್ಲಿ ನೀಲವ್ವನೆಂಬ ಹುಡುಗಿಯೇ ಇಲ್ಲದ್ದನ್ನು ಕಂಡು ಹಣೆ ಬಡಿದುಕೊಂಡರು. ಮದುವೆಯಲ್ಲಿ ಸೊಸೆಗೆ ಬೇರೆ ಹೆಸರಿಡುವುದು ನಮ್ಮ ಕಡೆ ಹಲವು ಮನೆಗಳ ರೂಢಿ. ತವರಿನವರು ಮಾತ್ರ ಹಳೆಯ ಹೆಸರನ್ನೇ ಹಿಡಿದು ಕರೆಯುತ್ತಾರೆ. ವಹಿಯನ್ನು ಮತ್ತೆ ತೆರೆಸಿದರು: 'ಗುಡ್ಡವ್ವ, ಶಿವನಪ್ಪನ ಮಗಳು, ಗಂಡನ ಊರು ಹೊಳೆಮಣ್ಣೂರ, ಬಾಣಂತಿ, ವಯಸ್ಸು ಹತ್ತೊಂಬತ್ತು, ಬೇವಿನ ಗಿಡದ ಮೂಡಲಕ್ಕೆ.'

"ಈ ಹಾಳಿ ಎರಡ ಸಲ ನೋಡೀನಿ ಪುಷ್ಪಾ. ಬರೇ ಹೆಸರ ನೋಡಿದೆ, ಮುಂದ ಓದಲಿಲ್ಲ. ತಪ್ಪು ನಂದ," ಎಂದು ನನ್ನೆದುರು ಕಣ್ಣೀರಿಟ್ಟರು. ಅವ್ವನ ಕಣ್ಣಿದ್ದಾಗ ಸಿಗಬೇಕಿತ್ತೆಂಬ ಸಂಕಟ ನನಗೂ ಇತ್ತು, ಈಗಲೂ ಇದೆ.

ಅವ್ವನನ್ನು ಅವರೇ ಕೈಹಿಡಿದು ಆ ಬೇವಿನ ಗಿಡದ ಬಳಿಗೆ ಕರೆದೊಯ್ದು, ಆ ಸಾಲನ್ನು ಓದಿ ಹೇಳಿದರು. ಎಪ್ಪತ್ತು ದಾಟಿದ ಅವ್ವ ಮಣ್ಣು ಸವರುತ್ತ ಕೇಳಿದಳು: "ಹತ್ತೊಂಬತ್ತ? ನಮ್ಮ ಪೂಜಾನ ವಯಸ್ಸಿನಾಕಿ ಏನ್ರಿ?"

ಪೂಜಾ ನನ್ನ ಮಗಳು. ಅವಳಿಗೂ ಆಗ ಹತ್ತೊಂಬತ್ತೇ; ನಾನು ಹೂವನ್ನು ಅವ್ವನ ಕೈಗಿಟ್ಟೆ. ಅವ್ವ ತಡವರಿಸುತ್ತ ಹೂವಿಟ್ಟು, "ಇಷ್ಟ ಸಣ್ಣ ಹುಡುಗೀನ ಜಲ್ಮ ಪೂರಾ ಅವ್ವಾ ಅಂತ ಕರದ ಅತ್ತೀನಲ್ಲ. ಮಲಕೋ, ನನ ಮಗಳ," ಎಂದಳು.

ಅವ್ವ ಹೋಗಿ ಎಂಟು ತಿಂಗಳಾಯಿತು. ಗುರುಸಂಗಪ್ಪನವರೇ, ನೀವು ನೂರು ವರ್ಷ ಬಾಳಬೇಕು, ಕೆಲಸವನ್ನು ಮಾತ್ರ ಬಿಡಬಾರದು. ತಾಯಿಯ ಕುಣಿ ಕೇಳಿಕೊಂಡು ಬರುವ ಮುದುಕಿಯರು ಇನ್ನೂ ಇದ್ದಾರೆ. ಅವರ ಕಣ್ಣು ಹೋಗುವ ಮೊದಲು ಹುಡುಕಿಕೊಡಿ.